ಎತ್ತುವ ಕೈ, ತಡೆಯುವ ಹಲ್ಲು

ಹೊಲದ ಕೊಳವೆ ಬಾವಿಯ ಮೋಟಾರು ಕೆಟ್ಟರೆ ಅದನ್ನು ಮೇಲೆತ್ತಲು ಬರುವವರ ಬಳಿ ಹೆಚ್ಚಿನ ಸಾಮಾನು ಇರುವುದಿಲ್ಲ. ಕಬ್ಬಿಣದ ಮೂರು ಕಾಲುಗಳ ಒಂದು ಸ್ಟ್ಯಾಂಡು, ಅದರ ನೆತ್ತಿಗೆ ತೂಗುಬಿಟ್ಟ ರಾಟೆ ಇಲ್ಲವೇ ಚೈನ್ ಪುಲ್ಲಿ, ಒಂದಿಷ್ಟು ಹಗ್ಗ, ಪೈಪನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪು. ಇಷ್ಟರಿಂದಲೇ ನೂರಾರು ಅಡಿ ಆಳದಲ್ಲಿದ್ದ ಪೈಪು, ಕೇಬಲ್ಲು, ಮೋಟಾರು ಒಂದೊಂದೇ ತುಂಡಾಗಿ ಮೇಲೆ ಬರುತ್ತವೆ. ಪೇಟೆಗಳಲ್ಲಿ ಕಟ್ಟಡದ ಎರಡನೇ ಮಹಡಿಗೆ ತೊಲೆ ಏರಿಸುವವರು, ತೋಟದ ಬಾವಿಯ ಹೂಳು ತೆಗೆಯುವವರು, ಗ್ಯಾರೇಜಿನಲ್ಲಿ ಎಂಜಿನ್ ಇಳಿಸುವವರು ಬಳಸುವುದೂ ಇದೇ ಕುಲದ ಯಂತ್ರವನ್ನು. ಒಂದು ಡ್ರಮ್ಮು, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ತಿರುಗಿಸಲು ಒಂದು ಹಿಡಿಕೆ ಇದ್ದರೆ ಅದು ಕೈ ವಿಂಚು.

ಈ ಯಂತ್ರದಿಂದ ಭಾರ ಎತ್ತುವುದು ಸುಲಭ. ಎತ್ತಿದ ಭಾರವನ್ನು ಜಾರದಂತೆ ಹಿಡಿದಿಡುವುದು ಕಷ್ಟ. ಬಲವನ್ನು ಹೆಚ್ಚಿಸುವ ಉಪಾಯ ಮನುಷ್ಯನಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಕೈ ಬಿಟ್ಟಾಗಲೂ ಭಾರ ಬೀಳಬಾರದು, ಬಿದ್ದರೂ ಕೆಳಗೆ ಯಾರೂ ಇರಬಾರದು ಎಂಬ ಪಾಠವನ್ನು ಮಾತ್ರ ಅವನು ನಿಧಾನವಾಗಿ ಕಲಿತ. ಅದು ಇನ್ನೂ ಎಲ್ಲೆಡೆ ತಲುಪಿಲ್ಲ. ವಿಂಚಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಕಲಿಕೆಯ ಚರಿತ್ರೆ.

ಬಲದ ಲೆಕ್ಕ

ಬಾವಿಯ ರಾಟೆಯಲ್ಲಿ ನೀರು ಸೇದಿದವರಿಗೆಲ್ಲ ಗೊತ್ತಿರುವಂತೆ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ. ಎಳೆಯುವ ದಿಕ್ಕನ್ನಷ್ಟೇ ಅನುಕೂಲಕ್ಕೆ ತಿರುಗಿಸಿ ಕೊಡುತ್ತದೆ. ಭಾರವನ್ನು ಹಗುರಾಗಿಸಲು ಬೇರೆ ಉಪಾಯ ಬೇಕು. ಚಿಕ್ಕ ಡ್ರಮ್ಮಿಗೆ ಹಗ್ಗ ಸುತ್ತಿ, ಅದನ್ನು ಉದ್ದನೆಯ ಹಿಡಿಕೆಯಿಂದ ತಿರುಗಿಸುವುದು ಅಂಥದೊಂದು ಉಪಾಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಡ್ರಮ್ಮಿನ ತ್ರಿಜ್ಯ 5 ಸೆಂ.ಮೀ., ಹಿಡಿಕೆಯ ಉದ್ದ 30 ಸೆಂ.ಮೀ. ಆದರೆ ಕೈಯ ಬಲ 6 ಪಟ್ಟಾಗುತ್ತದೆ. ಹಿಡಿಕೆ 4 ಸುತ್ತು ತಿರುಗಿದಾಗ ಡ್ರಮ್ಮು 1 ಸುತ್ತು ತಿರುಗುವಂತೆ ನಡುವೆ ಹಲ್ಲುಚಕ್ರಗಳಿದ್ದರೆ ಅದು 24 ಪಟ್ಟು. 15 ಕೆ.ಜಿ.ಯಷ್ಟು ಒತ್ತು ಕೊಟ್ಟವನು ಲೆಕ್ಕದ ಪ್ರಕಾರ 360 ಕೆ.ಜಿ. ಎತ್ತಬಲ್ಲ. ಘರ್ಷಣೆಯ ಪಾಲು ಕಳೆದರೂ ಒಬ್ಬ ಸಾಧಾರಣ ಆಳು ತನ್ನ ಮೈತೂಕದ ಹಲವು ಪಟ್ಟನ್ನು ಎತ್ತಿದಂತಾಯಿತು.

ಪ್ರಕೃತಿ ಇದನ್ನು ಪುಕ್ಕಟೆಯಾಗಿ ಕೊಡುವುದಿಲ್ಲ. ಭಾರ ಒಂದು ಮೀಟರ್ ಏರಬೇಕಾದರೆ ಕೈ 24 ಮೀಟರ್ ಸಾಗಬೇಕು, ಅಂದರೆ ಹಿಡಿಕೆಯನ್ನು ಸುಮಾರು 13 ಸುತ್ತು ತಿರುಗಿಸಬೇಕು. ಹೀಗೆ ಸ್ವಲ್ಪ ಸ್ವಲ್ಪವಾಗಿ ಹಾಕಿದ ಶ್ರಮವೆಲ್ಲ ಮೇಲೆ ತೂಗುವ ಭಾರದಲ್ಲಿ ಕೂಡಿಟ್ಟ ಹಣದಂತೆ ಸೇರಿಕೊಳ್ಳುತ್ತದೆ. ತಡೆಯುವ ಹಲ್ಲು ಇಲ್ಲದ ವಿಂಚಿನಲ್ಲಿ ಕೈ ಜಾರಿದರೆ ಆ ಶ್ರಮವೆಲ್ಲ ಒಂದೇ ಗಳಿಗೆಯಲ್ಲಿ ವಾಪಸು ಬರುತ್ತದೆ. ಭಾರ ಕೆಳಗೆ ಧಾವಿಸುತ್ತದೆ, ಹಿಡಿಕೆ ಫ್ಯಾನಿನಂತೆ ಹಿಮ್ಮುಖವಾಗಿ ಸುತ್ತುತ್ತದೆ. ಅದನ್ನು ಹಿಡಿಯಲು ಹೋದವನ ಮುಂಗೈ ಮುರಿಯುತ್ತದೆ.

ಗ್ರೀಕರಿಂದ ರೋಮನ್ನರಿಗೆ

ಕಲ್ಲಿನ ದಿಮ್ಮಿಗಳನ್ನು ಇಳಿಜಾರಿನ ಮೇಲೆ ಎಳೆದೊಯ್ಯುವ ಬದಲು ನೇರವಾಗಿ ಮೇಲೆತ್ತುವ ಪದ್ಧತಿ ಗ್ರೀಸಿನಲ್ಲಿ ಕಾಣಿಸಿಕೊಂಡದ್ದು ಕ್ರಿ.ಪೂ. 6ನೇ ಶತಮಾನದ ಕೊನೆಯ ಹೊತ್ತಿಗೆ. ಅಲ್ಲಿನ ದೇಗುಲಗಳ ಕಲ್ಲುಗಳಲ್ಲಿ ಇಕ್ಕಳ ಕಚ್ಚಿಸಲು, ಕೊಕ್ಕೆ ಸಿಕ್ಕಿಸಲು ಕೊರೆದ ಕುಳಿಗಳು ಇದಕ್ಕೆ ಸಾಕ್ಷಿ. ಕ್ರಿ.ಪೂ. ಮೊದಲನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದ ಹತ್ತನೇ ಸಂಪುಟವನ್ನು ಯಂತ್ರಗಳಿಗೇ ಮೀಸಲಿಟ್ಟ. ಎರಡು ಮರದ ಕಂಬಗಳನ್ನು ತುದಿಯಲ್ಲಿ ಸೇರಿಸಿ, ಬುಡದಲ್ಲಿ ಅಗಲಿಸಿ ನಿಲ್ಲಿಸಿ, ನಡುವೆ ಹಗ್ಗ ಸುತ್ತುವ ದಿಂಡು ಕೂರಿಸಿ, ಮೇಲೆ ಮೂರು ಅಥವಾ ಐದು ರಾಟೆಗಳನ್ನು ತೂಗುಹಾಕುವ ಕ್ರಮವನ್ನು ಅವನು ವಿವರಿಸುತ್ತಾನೆ. ಕಂಬಗಳು ಆಚೀಚೆ ವಾಲದಂತೆ ಹಗ್ಗ ಬಿಗಿದು, ಆ ಹಗ್ಗಗಳಿಗೆ ನೆಲದಲ್ಲಿ ಗಟ್ಟಿ ಗೂಟ ಹೊಡೆಯುವುದನ್ನೂ ಅವನು ಬಿಟ್ಟಿಲ್ಲ. ಮುಂದೆ ಕ್ರಿ.ಶ. ಮೊದಲನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಐದು ಸರಳ ಯಂತ್ರಗಳನ್ನು ಪಟ್ಟಿ ಮಾಡಿದ: ಅಚ್ಚು ಮತ್ತು ಚಕ್ರ, ಸನ್ನೆ, ರಾಟೆ, ಬೆಣೆ, ತಿರುಪು. ಇಂದಿನ ವಿಂಚಿನ ಕೆಲಸದಲ್ಲಿ ಈ ಐದರಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ.

ನಮ್ಮ ಕಡೆಯ ಕಪಿಲೆಯೂ ಇದೇ ಬಳಗದ್ದು. ಬಾವಿಯ ಬಾಯಲ್ಲಿ ರಾಟೆ, ಹಗ್ಗದ ತುದಿಗೆ ಎತ್ತುಗಳು, ಇಳಿಜಾರಿನ ದಾರಿ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾನೆ ಮೇಲೇರುತ್ತದೆ. ಇಲ್ಲಿ ಭಾರವನ್ನು ತಡೆದು ನಿಲ್ಲಿಸುವ ಹಲ್ಲಿಲ್ಲ, ಬ್ರೇಕಿಲ್ಲ. ಎತ್ತುಗಳ ಕಾಲೇ ಬ್ರೇಕು. ನೀರಿನ ಬಾನೆ ಜಾರಿದರೆ ನಷ್ಟ ನೀರಿನದು. ಬಾನೆಯ ಬದಲು ಕಲ್ಲು ತೂಗುತ್ತಿದ್ದರೆ ಲೆಕ್ಕ ಬೇರೆ.

ರೋಮಿನ ಕಲ್ಲುಕಂಬ

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು, ಕೆಲಸ ಶುರು ಮಾಡುವ ಮೊದಲೇ ಎಲ್ಲವನ್ನೂ ಯೋಚಿಸಿ, ಆಮೇಲೆ ಪುಸ್ತಕವಾಗಿಯೂ ಪ್ರಕಟಿಸಿದವರಲ್ಲಿ ಪ್ರಸಿದ್ಧನಾದವನು ಡೊಮೆನಿಕೊ ಫೊಂಟಾನಾ. ಈಜಿಪ್ಟಿನಲ್ಲಿ ಕಡೆದ ಒಂದೇ ಕಲ್ಲಿನ ಕಂಬವೊಂದನ್ನು ಚಕ್ರವರ್ತಿ ಕಾಲಿಗುಲ ಕ್ರಿ.ಶ. ಮೊದಲನೇ ಶತಮಾನದಲ್ಲಿ ರೋಮಿಗೆ ತರಿಸಿದ್ದ. 25 ಮೀಟರಿಗೂ ಎತ್ತರದ ಆ ಕಂಬ ಸಂತ ಪೀಟರರ ಇಗರ್ಜಿಯ ಪಕ್ಕದಲ್ಲಿ ಒಂದು ಮೂಲೆಯಲ್ಲಿತ್ತು. ಅದನ್ನು ಇಗರ್ಜಿಯ ಎದುರಿನ ಅಂಗಳಕ್ಕೆ ಸಾಗಿಸಿ ನಿಲ್ಲಿಸಬೇಕೆಂದು 16ನೇ ಶತಮಾನದಲ್ಲಿ ಪೋಪ್ ಐದನೇ ಸಿಕ್ಸ್‌ಟಸ್ ಬಯಸಿದರು. ದೂರ ಕಾಲು ಕಿಲೋಮೀಟರಿನಷ್ಟು ಮಾತ್ರ. ಆದರೆ ಕಲ್ಲು ಒಂದು ಬಾರಿ ಮುರಿದರೆ ಮತ್ತೆ ಕೂಡಿಸುವಂಥದಲ್ಲ.

ಫೊಂಟಾನಾ ಮೊದಲು ಮಾಡಿದ್ದು ತೂಕದ ಲೆಕ್ಕ. ಕಂಬವನ್ನು ತಕ್ಕಡಿಗೆ ಹಾಕುವಂತಿರಲಿಲ್ಲ. ಅವನು ಅದೇ ಜಾತಿಯ ಕಲ್ಲಿನಲ್ಲಿ ಅಂದಿನ ರೋಮನ್ ಅಳತೆಯ ಒಂದು ಘನ ಪಾಲ್ಮೊ ತುಂಡನ್ನು ತೂಗಿಸಿದ. ಅದು 86 ರೋಮನ್ ಪೌಂಡು ತೂಗಿತು. ಕಂಬದ ಅಳತೆಗಳಿಂದ ಅದರ ಗಾತ್ರ ಕಂಡುಹಿಡಿದು ಗುಣಿಸಿದಾಗ ಬಂದದ್ದು 9,63,537 ಪೌಂಡು, ಇಂದಿನ ಲೆಕ್ಕದಲ್ಲಿ ಸುಮಾರು 327 ಟನ್. ಅವನು ಅಲ್ಲಿಗೇ ನಿಲ್ಲಲಿಲ್ಲ. ಕಂಬಕ್ಕೆ ಕಟ್ಟುವ ಹಲಗೆ, ಕಬ್ಬಿಣದ ಪಟ್ಟಿ, ರಾಟೆ, ಹಗ್ಗಗಳ ತೂಕವನ್ನೂ ಕೂಡಿಸಿದ. ಮೊತ್ತ ಹತ್ತು ಲಕ್ಷ ಪೌಂಡು ದಾಟಿತು. ಎತ್ತುವ ಸಾಮಾನೂ ಭಾರವೇ ಎಂಬುದನ್ನು ಇಂದಿಗೂ ಮರೆಯುವವರಿದ್ದಾರೆ.

ಎರಡನೆಯದು ಯಂತ್ರದ ಲೆಕ್ಕ. ನೆಟ್ಟಗೆ ನಿಲ್ಲಿಸಿದ ದಿಂಡಿಗೆ ಅಡ್ಡಗೋಲುಗಳನ್ನು ಚುಚ್ಚಿ, ಜನ ಮತ್ತು ಕುದುರೆಗಳು ಸುತ್ತ ನಡೆಯುತ್ತ ಹಗ್ಗ ಸುತ್ತುವ ದೊಡ್ಡ ವಿಂಚುಗಳು ಅಂದು ಬಳಕೆಯಲ್ಲಿದ್ದವು. ಒಳ್ಳೆಯ ಹಗ್ಗವಿದ್ದರೆ ಒಂದು ವಿಂಚು 20,000 ಪೌಂಡು ಎತ್ತುತ್ತದೆಂದು ಫೊಂಟಾನಾ ಅಂದಾಜು ಮಾಡಿದ. 40 ವಿಂಚಿಗೆ 8 ಲಕ್ಷ. ಉಳಿದ ಭಾರಕ್ಕೆ ಐದು ಭಾರಿ ಸನ್ನೆಗಳನ್ನು ಇರಿಸಿದ. ಪ್ರತಿ ವಿಂಚಿಗೂ ಅದರ ರಾಟೆಗೂ ಒಂದೇ ಸಂಖ್ಯೆ ಬರೆಸಿದ. ಇದರಿಂದ ಯಾವ ಹಗ್ಗ ಬಿಗಿಯಾಗಿದೆ, ಯಾವುದು ಸಡಿಲವಾಗಿದೆ ಎಂದು ಮೇಲಿನಿಂದ ನೋಡಿದವನು ಅದನ್ನು ಹಿಡಿದವರಿಗೇ ನೇರವಾಗಿ ಹೇಳಬಹುದಾಗಿತ್ತು. ಹಗ್ಗಗಳೆಲ್ಲ ಸಮನಾಗಿ ಭಾರ ಹೊತ್ತಿವೆಯೇ ಎಂದು ಮೊದಲೇ ಒಂದೆರಡು ಸುತ್ತು ತಿರುಗಿಸಿ ನೋಡಿದ್ದೂ ಉಂಟು.

ಮೂರನೆಯದು ಸನ್ನೆ ಮಾತು. ಕಹಳೆ ಊದಿದರೆ ಎಲ್ಲ ವಿಂಚುಗಳೂ ತಿರುಗಬೇಕು. ಗಂಟೆ ಬಾರಿಸಿದರೆ ಎಲ್ಲವೂ ನಿಲ್ಲಬೇಕು. ಕಹಳೆ, ಗಂಟೆಗಳ ಶಬ್ದ ಕೇಳಬೇಕಾದರೆ ಸುತ್ತ ಮೌನವಿರಬೇಕು. ಅದಕ್ಕಾಗಿ ಕಟ್ಟಾಜ್ಞೆ ಹೊರಟಿತು. ಕೆಲಸದವರಲ್ಲದೆ ಬೇಲಿಯೊಳಗೆ ನುಗ್ಗಿದವರಿಗೆ ಮರಣದಂಡನೆ, ಗದ್ದಲ ಮಾಡಿದವರಿಗೆ ಕಠಿಣ ಶಿಕ್ಷೆ. ಶಿಕ್ಷೆ ಆ ಕಾಲದ ಕ್ರೌರ್ಯಕ್ಕೆ ತಕ್ಕದ್ದು. ಆದರೆ ಅದರ ಹಿಂದಿನ ಎರಡು ವಿಚಾರಗಳು ಇಂದಿನ ಯಾವ ಸುರಕ್ಷತಾ ನಿಯಮಾವಳಿಯಲ್ಲೂ ಸಿಗುತ್ತವೆ: ಭಾರದ ಬಳಿ ಸಂಬಂಧವಿಲ್ಲದವರು ಸುಳಿಯಬಾರದು, ಅಪ್ಪಣೆ ಒಂದೇ ಕಡೆಯಿಂದ ಬರಬೇಕು.

1586ರ ಏಪ್ರಿಲ್ 30ರಂದು ಕೆಲಸ ಆರಂಭವಾಯಿತು. 900ಕ್ಕೂ ಹೆಚ್ಚು ಜನ, 75 ಕುದುರೆ, 40 ವಿಂಚು. ಕಂಬದ ಸುತ್ತ ಕಟ್ಟಿದ ಮರದ ಅಟ್ಟಣೆಯ ಅಡಿಯಲ್ಲಿ ಬಡಗಿಗಳಿದ್ದರು. ಕಂಬ ಸ್ವಲ್ಪ ಮೇಲೆದ್ದ ಕೂಡಲೇ ಅದರ ಬುಡಕ್ಕೆ ಮರ ಮತ್ತು ಕಬ್ಬಿಣದ ಬೆಣೆಗಳನ್ನು ಹೊಡೆಯುವುದು ಅವರ ಕೆಲಸ. ಹಗ್ಗ ಹರಿದರೂ ಕಂಬ ಕೆಳಗಿಳಿಯಲು ಜಾಗವಿರಬಾರದು ಎಂಬುದು ಇದರ ಉದ್ದೇಶ. ಮೇಲಿನಿಂದ ಏನಾದರೂ ಬಿದ್ದೀತೆಂದು ಆ ಬಡಗಿಗಳ ತಲೆಗೆ ಕಬ್ಬಿಣದ ಶಿರಸ್ತ್ರಾಣ ತೊಡಿಸಲಾಗಿತ್ತು. ಇಂದು ಕಟ್ಟಡದ ಕೆಲಸಗಾರರು ಹಾಕುವ ಹೆಲ್ಮೆಟ್ಟಿನ ಪೂರ್ವಜನನ್ನು ಇಲ್ಲಿ ಕಾಣಬಹುದು.

ಒಮ್ಮೆಗೇ ಎಳೆಯಲಿಲ್ಲ. ಎಳೆದು, ನಿಲ್ಲಿಸಿ, ಬೆಣೆ ಹೊಡೆದು, ಎಲ್ಲವನ್ನೂ ಪರೀಕ್ಷಿಸಿ, ಮತ್ತೆ ಎಳೆದರು. ಹೀಗೆ 12 ಬಾರಿ ಎಳೆದ ಮೇಲೆ, ದಿನದ ಕೊನೆಗೆ ಕಂಬ ಎರಡು ಅಡಿಯಷ್ಟು ಏರಿತ್ತು. ಕಂಬಕ್ಕೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳಲ್ಲಿ ಕೆಲವು ಮುರಿದದ್ದೂ ಆಗಲೇ. ಬೆಣೆಗಳಿದ್ದುದರಿಂದ ಅನಾಹುತವಾಗಲಿಲ್ಲ. ಮೇ 7ರಂದು ಕಂಬವನ್ನು ಮಲಗಿಸಿದರು. ಸೆಪ್ಟೆಂಬರ್ 10ರಂದು 800 ಜನ, 140 ಕುದುರೆ, 40 ವಿಂಚುಗಳ ಬಲದಿಂದ 52 ಎಳೆತಗಳಲ್ಲಿ ಅದನ್ನು ಹೊಸ ಜಾಗದಲ್ಲಿ ಎತ್ತಿ ನಿಲ್ಲಿಸಿದರು. ಇಂದಿಗೂ ಅದು ಅಲ್ಲೇ ಇದೆ. ಈ ಎಲ್ಲದರ ವಿವರವನ್ನು ಚಿತ್ರಗಳ ಸಮೇತ ಫೊಂಟಾನಾ 1590ರಲ್ಲಿ ಪ್ರಕಟಿಸಿದ.

ಈ ಘಟನೆಯ ಸುತ್ತ ಒಂದು ಕಥೆಯೂ ಬೆಳೆದಿದೆ. ಹಗ್ಗಗಳು ಬಿಸಿಯೇರಿ ಇನ್ನೇನು ಹರಿಯಬೇಕು ಎನ್ನುವಾಗ, ಮರಣದಂಡನೆಯ ಆಜ್ಞೆಯನ್ನೂ ಲೆಕ್ಕಿಸದೆ ಬ್ರೆಸ್ಕಾ ಎಂಬ ನಾವಿಕನೊಬ್ಬ ‘ಹಗ್ಗಕ್ಕೆ ನೀರು ಹಾಕಿ’ ಎಂದು ಕೂಗಿದನಂತೆ. ನೀರು ಹಾಕಿದ್ದರಿಂದ ಹಗ್ಗ ಬಿಗಿದು ಕಂಬ ಉಳಿಯಿತಂತೆ. ಪೋಪ್ ಅವನನ್ನು ಶಿಕ್ಷಿಸುವ ಬದಲು ಸನ್ಮಾನಿಸಿದರಂತೆ. ಕಥೆ ಸೊಗಸಾಗಿದೆ. ಆದರೆ ಫೊಂಟಾನಾನ ಪುಸ್ತಕದಲ್ಲಿ ಇದರ ಪ್ರಸ್ತಾಪವೇ ಇಲ್ಲ.

ಹಗ್ಗ ಬದಲಾಯಿತು

ಫೊಂಟಾನಾನ ಹಗ್ಗಗಳು ನಾರಿನವು. ನಾರಿನ ಹಗ್ಗ ಒದ್ದೆಯಾದರೆ ಕೊಳೆಯುತ್ತದೆ, ಉಜ್ಜಿದರೆ ಸವೆಯುತ್ತದೆ. ಗಣಿಗಳು ಆಳಕ್ಕೆ ಇಳಿದಂತೆ ಅದು ಸಾಲದಾಯಿತು. ಕಬ್ಬಿಣದ ಸರಪಣಿ ಬಂದಿತು. ಸರಪಣಿಯ ದೋಷ ಇನ್ನೊಂದು ಬಗೆಯದು. ನೂರು ಕೊಂಡಿ ಗಟ್ಟಿಯಿದ್ದು ಒಂದು ಕೊಂಡಿ ಬಿಟ್ಟರೂ ಎಲ್ಲ ಹೋಯಿತು. ಅದೂ ಮುನ್ಸೂಚನೆ ಕೊಡದೆ.

ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕ್ಲಾಸ್ತಾಲ್ ಗಣಿಗಳ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟ್‌ಗೆ ಈ ಸರಪಣಿಗಳೇ ತಲೆನೋವಾಗಿದ್ದವು. ತಾಳಬಲ್ಲ ಭಾರವೇ ಆದರೂ ಅದನ್ನು ಮತ್ತೆ ಮತ್ತೆ ಹೊತ್ತ ಲೋಹ ಕೊನೆಗೆ ದಣಿದು ಮುರಿಯುತ್ತದೆ ಎಂಬುದನ್ನು ಮೊದಲಿಗೆ ದಾಖಲಿಸಿದವರಲ್ಲಿ ಅವನೊಬ್ಬ. 1834ರಲ್ಲಿ ಅವನು ಕಬ್ಬಿಣದ ತಂತಿಗಳನ್ನು ಕೈಯಿಂದಲೇ ಹೊಸೆಯಿಸಿದ. ನಾಲ್ಕು ತಂತಿಗಳ ಒಂದು ಎಳೆ, ಅಂಥ ಮೂರು ಎಳೆಗಳ ಒಂದು ಹಗ್ಗ. ಇಂದಿನ ಉಕ್ಕಿನ ಹಗ್ಗದ ಮೂಲ ಇದು.

ತಂತಿ ಹಗ್ಗದ ಹೆಚ್ಚುಗಾರಿಕೆ ಅದರ ಬಲದಲ್ಲಷ್ಟೇ ಇಲ್ಲ. ಒಂದು ತಂತಿ ತುಂಡಾದರೆ ಉಳಿದವು ಭಾರ ಹೊರುತ್ತವೆ. ತುಂಡಾದ ತಂತಿ ಮುಳ್ಳಿನಂತೆ ಹೊರಗೆ ಚಾಚಿ, ನೋಡುವ ಕಣ್ಣಿದ್ದವನಿಗೆ ಎಚ್ಚರಿಕೆ ಹೇಳುತ್ತದೆ. ಆಳದ ಗಣಿಗಳು ಸಾಧ್ಯವಾದದ್ದರಲ್ಲಿ ಈ ಹಗ್ಗದ ಪಾಲು ದೊಡ್ಡದು. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ದಿನವೂ ಕೆಳಗಿಳಿದು ಮೇಲೆ ಬರುತ್ತಿದ್ದ ಸಾವಿರಾರು ಕಾರ್ಮಿಕರ ಬದುಕು ಅಕ್ಷರಶಃ ಹಗ್ಗದ ಮೇಲೆ ತೂಗುತ್ತಿತ್ತು.

ಹಲ್ಲು ಬಂತು, ಬ್ರೇಕು ಬಂತು

ಹಗ್ಗ ಹರಿದರೂ ಭಾರ ಬೀಳದಂತೆ ಮಾಡಬಹುದೆಂದು ಜನರ ಕಣ್ಣೆದುರೇ ತೋರಿಸಿದವನು ಅಮೆರಿಕದ ಎಲಿಷಾ ಓಟಿಸ್. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಅವನು ಎತ್ತರದಲ್ಲಿ ತೂಗುವ ಹಲಗೆಯ ಮೇಲೆ ತಾನೇ ನಿಂತು ಹಗ್ಗವನ್ನು ಕಡಿಸಿದ. ಹಗ್ಗದ ಬಿಗಿ ತಪ್ಪಿದ ಕೂಡಲೇ ಸ್ಪ್ರಿಂಗ್ ಬಿಚ್ಚಿಕೊಂಡು, ಎರಡೂ ಬದಿಯ ಹಳಿಗಳ ಹಲ್ಲಿಗೆ ಕಚ್ಚಿಕೊಂಡಿತು. ಹಲಗೆ ಅಲ್ಲೇ ನಿಂತಿತು. ಬಹುಮಹಡಿ ಕಟ್ಟಡಗಳ ಯುಗಕ್ಕೆ ದಾರಿ ತೆರೆದದ್ದು ಇಂಥ ತಡೆ.

ಕೈ ವಿಂಚಿನಲ್ಲಿ ಈ ತಡೆ ಎರಡು ರೂಪದಲ್ಲಿದೆ. ಮೊದಲನೆಯದು ಹಲ್ಲುಚಕ್ರಕ್ಕೆ ಕಚ್ಚುವ ಒಂದು ನಾಲಗೆ. ಚಕ್ರ ಮುಂದಕ್ಕೆ ಟಕ್ ಟಕ್ ಎಂದು ತಿರುಗುತ್ತದೆ, ಹಿಂದಕ್ಕೆ ತಿರುಗಲು ನಾಲಗೆ ಬಿಡುವುದಿಲ್ಲ. ಎತ್ತುವಾಗ ಇದು ಸಾಕು. ಇಳಿಸುವಾಗ ನಾಲಗೆಯನ್ನು ಎತ್ತಲೇಬೇಕು. ಎತ್ತಿದ ಗಳಿಗೆಯಿಂದ ಭಾರವೆಲ್ಲ ಹಿಡಿಕೆ ಹಿಡಿದವನ ಕೈಯ ಮೇಲೆ.

ಎರಡನೆಯದು ಭಾರದಿಂದಲೇ ಬಿಗಿಯುವ ಬ್ರೇಕು. 1850ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ವೆಸ್ಟನ್ ಎಂಬಾತ ಸರಪಣಿಯ ರಾಟೆಯೊಂದನ್ನು ರೂಪಿಸಿದ. ಕೈ ಬಿಟ್ಟರೆ ಭಾರ ಘರ್ಷಣೆಯಿಂದಲೇ ಅಲ್ಲೇ ನಿಲ್ಲುವುದು ಅದರ ಗುಣ. ಅವನ ಹೆಸರಿನಿಂದಲೇ ಕರೆಯುವ ಬ್ರೇಕು ಇಂದು ಅನೇಕ ವಿಂಚು, ಚೈನ್ ಪುಲ್ಲಿಗಳಲ್ಲಿದೆ. ಭಾರ ಕೆಳಗೆಳೆದಷ್ಟೂ ತಿರುಪು ಬಿಗಿದು ಬಿಲ್ಲೆಗಳು ಒತ್ತಿಕೊಳ್ಳುತ್ತವೆ. ಇಳಿಸಬೇಕಾದರೆ ಹಿಡಿಕೆಯನ್ನು ಹಿಮ್ಮುಖವಾಗಿ ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಭಾರವೂ ನಿಲ್ಲುತ್ತದೆ.

ಅಂಗಡಿಯಲ್ಲಿ ಎರಡೂ ವಿಂಚುಗಳು ಅಕ್ಕತಂಗಿಯರಂತೆ ಕಾಣುತ್ತವೆ. ಆದರೆ ಬರಿಯ ನಾಲಗೆಯಿರುವುದು ನೆಲದ ಮೇಲೆ ಎಳೆಯಲು, ದೋಣಿಯನ್ನು ದಡಕ್ಕೆ ತರಲು, ಟ್ರಾಲಿಗೆ ವಾಹನ ಏರಿಸಲು. ಎತ್ತಲು ಬೇಕಾದದ್ದು ಬ್ರೇಕಿನ ವಿಂಚು. ಎಳೆಯುವ ವಿಂಚುಗಳ ಮೇಲೆ ಎತ್ತಲು ಬಳಸಬಾರದೆಂದು ತಯಾರಕರು ಬರೆದಿರುತ್ತಾರೆ. ಸಣ್ಣಕ್ಷರದ ಆ ಸಾಲನ್ನು ಓದದೆ, ಬೆಲೆ ಕಡಿಮೆಯೆಂದು ಕೊಂಡರೆ ಉಳಿತಾಯ ಎಲ್ಲಿಗೆ ಹೋದೀತು?

ಎತ್ತುವ ಮುನ್ನ

ಕೈ ವಿಂಚು ಹೂಡುವವರು ಇಂದು ಪಾಲಿಸಬೇಕಾದ ನಿಯಮಗಳು ಈ ಚರಿತ್ರೆಯಿಂದಲೇ ಮೂಡಿದವು. ಮೊದಲು ತೂಕ. ಅಂದಾಜಿನ ಮೇಲೆ ಎತ್ತಬಾರದು. ವಿಂಚಿನ ಮೇಲೆ ಬರೆದ ಮಿತಿಯನ್ನು ಮೀರಬಾರದು. ಆ ಮಿತಿ ಸಾಮಾನ್ಯವಾಗಿ ಡ್ರಮ್ಮಿನ ಮೇಲಿನ ಮೊದಲ ಸುತ್ತಿನ ಪದರಕ್ಕೆ ಹೇಳಿದ್ದು. ಹಗ್ಗ ಪದರ ಪದರವಾಗಿ ಸುತ್ತಿ ಡ್ರಮ್ಮು ದಪ್ಪವಾದಂತೆ ಬಲ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ 5 ಸೆಂ.ಮೀ. ತ್ರಿಜ್ಯ ಏಳೂವರೆ ಸೆಂ.ಮೀ. ಆದರೆ 24 ಪಟ್ಟು 16ಕ್ಕೆ ಇಳಿಯುತ್ತದೆ.

ಎರಡನೆಯದು ಮೇಲಿನ ಆಧಾರ. ಇಲ್ಲಿ ಬಹಳ ಜನ ಎಡವುತ್ತಾರೆ. ವಿಂಚು ನೆಲದಲ್ಲಿದ್ದು, ಹಗ್ಗ ಮೇಲಿನ ತೊಲೆಯ ರಾಟೆಯನ್ನು ಬಳಸಿ ಕೆಳಗಿಳಿದು 300 ಕೆ.ಜಿ. ಎತ್ತುತ್ತಿದ್ದರೆ ತೊಲೆಯ ಮೇಲೆ ಬೀಳುವ ಭಾರ 300 ಅಲ್ಲ, 600. ಒಂದು ಕಡೆ ಭಾರ ಎಳೆಯುತ್ತದೆ, ಇನ್ನೊಂದು ಕಡೆ ಅಷ್ಟೇ ಬಲದಿಂದ ವಿಂಚು ಎಳೆಯುತ್ತದೆ. ಭಾರವನ್ನು ತಾಳೀತೆಂದು ನಂಬಿ ಕಟ್ಟಿದ ಕೊಂಬೆಯೋ ಹಳೆಯ ಜಂತಿಯೋ ಮುರಿಯುವುದು ಹೀಗೆ. ಇತ್ತ ವಿಂಚನ್ನೂ ನೆಲಕ್ಕೆ ಬೋಲ್ಟಿನಿಂದ ಭದ್ರಪಡಿಸಿರಬೇಕು. ಇಲ್ಲವಾದರೆ ಅದೇ ಮೇಲೆದ್ದೀತು.

ಮೂರನೆಯದು ಕಟ್ಟುವ ಬಗೆ. ಎರಡು ಹಗ್ಗಗಳಿಂದ ನೇರವಾಗಿ ತೂಗಿಸಿದ 300 ಕೆ.ಜಿ. ಭಾರದಲ್ಲಿ ಪ್ರತಿ ಹಗ್ಗಕ್ಕೆ 150 ಕೆ.ಜಿ. ಪಾಲು. ಅವೇ ಹಗ್ಗಗಳನ್ನು ಅಗಲವಾಗಿ ಚಾಚಿ, ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿ ಕಟ್ಟಿದರೆ ಒಂದೊಂದರ ಮೇಲೂ 300 ಕೆ.ಜಿ. ಎಳೆತ ಬೀಳುತ್ತದೆ. ಹಗ್ಗ ಚಪ್ಪಟೆಯಾದಷ್ಟೂ ಅಪಾಯ ಹೆಚ್ಚು.

ನಾಲ್ಕನೆಯದು ಹಗ್ಗ. ತುಂಡಾದ ತಂತಿ, ತುಕ್ಕು, ಮಡಿಚಿ ಗಂಟುಬಿದ್ದ ಜಾಗ, ಚಪ್ಪಟೆಯಾದ ಎಳೆ ಕಂಡರೆ ಆ ಹಗ್ಗಕ್ಕೆ ನಿವೃತ್ತಿ. ತಂತಿ ಹಗ್ಗಕ್ಕೆ ಗಂಟು ಹಾಕಿ ಬಳಸುವಂತಿಲ್ಲ. ಕುಣಿಕೆ ಮಾಡಲು ಕ್ಲಿಪ್ಪು ಹಾಕುವಾಗ ಅದರ ಬಾಗಿದ ಸರಳು ಮೋಟು ತುದಿಯ ಮೇಲೆ, ಚಪ್ಪಟೆ ಪೀಠ ಭಾರ ಹೊರುವ ಹಗ್ಗದ ಮೇಲೆ ಕೂರಬೇಕು. ತಿರುವು ಮುರುವಾದರೆ ಭಾರ ಹೊರುವ ಹಗ್ಗವೇ ನಜ್ಜಾಗುತ್ತದೆ. ಹಗ್ಗ ಪೂರ್ತಿ ಇಳಿದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಮೂರು ಸುತ್ತು ಉಳಿದಿರಬೇಕು. ಏಕೆಂದರೆ ಭಾರವನ್ನು ಹಿಡಿಯುವುದು ತುದಿಯ ಸ್ಕ್ರೂ ಅಲ್ಲ, ಸುತ್ತುಗಳ ಘರ್ಷಣೆ. ಓಡುವ ಹಗ್ಗವನ್ನು ಕೈಯಿಂದ ಮುಟ್ಟಬಾರದು. ನಿಂತ ಹಗ್ಗವನ್ನು ಮುಟ್ಟುವಾಗಲೂ ಚರ್ಮದ ಕೈಗವಸು ಬೇಕು.

ಎಲ್ಲ ಸರಿಯಿದೆ ಎನಿಸಿದ ಮೇಲೂ ಭಾರವನ್ನು ಮೊದಲು ನೆಲದಿಂದ ಒಂದೆರಡು ಅಂಗುಲ ಮಾತ್ರ ಎತ್ತಿ ನಿಲ್ಲಿಸಿ ನೋಡಬೇಕು. ಬ್ರೇಕು ಹಿಡಿದಿದೆಯೇ, ಕಟ್ಟು ಜಾರುತ್ತಿದೆಯೇ, ಆಧಾರ ಬಾಗುತ್ತಿದೆಯೇ ಎಂದು ಅಲ್ಲೇ ತಿಳಿಯುತ್ತದೆ. ಹೊಲದಲ್ಲಾದರೆ ತಲೆಯೆತ್ತಿ ನೋಡುವುದನ್ನೂ ಮರೆಯಬಾರದು. ಸ್ಟ್ಯಾಂಡಿಗಿಂತ ಮೇಲೆ ಚಾಚುವ ಕಬ್ಬಿಣದ ಪೈಪು ವಿದ್ಯುತ್ ತಂತಿಗೆ ತಗುಲಿದರೆ ವಿಂಚಿನ ಯಾವ ಬ್ರೇಕೂ ಉಪಯೋಗಕ್ಕೆ ಬಾರದು.

ಬಾವಿಯೊಳಗಿನ ಮನುಷ್ಯ

ತೂಗುವ ಭಾರದ ಕೆಳಗೆ ಯಾರೂ ಇರಬಾರದು, ಸಾಮಾನು ಎತ್ತುವ ವಿಂಚಿನಲ್ಲಿ ಮನುಷ್ಯರನ್ನು ಇಳಿಸಬಾರದು ಎಂಬುವು ಎಲ್ಲಕ್ಕಿಂತ ದೊಡ್ಡ ನಿಯಮಗಳು. ಬಾವಿಯ ಕೆಲಸದಲ್ಲಿ ಈ ಎರಡೂ ಮುರಿಯುತ್ತವೆ. ಹೂಳಿನ ಬಕೆಟ್ಟು ಏರುವಾಗ ತಳದಲ್ಲಿ ನಿಂತವನಿಗೆ ಓಡಲು ಜಾಗವಿಲ್ಲ. ಅವನನ್ನು ಇಳಿಸಿದ್ದೂ ಅದೇ ಹಗ್ಗವಾಗಿರುತ್ತದೆ. ಕೆಲಸ ನಿಲ್ಲುವಂಥದಲ್ಲವಾದರೆ ಕನಿಷ್ಠ ಇಷ್ಟನ್ನಾದರೂ ಮಾಡಬೇಕು. ಇಳಿಯುವವನ ಸೊಂಟಪಟ್ಟಿಗೆ ಪ್ರತ್ಯೇಕ ಹಗ್ಗ ಮತ್ತು ಅದಕ್ಕೆ ಪ್ರತ್ಯೇಕ ಆಧಾರ, ತಲೆಗೆ ಹೆಲ್ಮೆಟ್, ಬಕೆಟ್ಟನ್ನು ಕಂಠಮಟ್ಟ ತುಂಬದಿರುವುದು, ಪಿಕಾಸಿ ಹಾರೆಗಳನ್ನು ಬಿಗಿದು ಕಟ್ಟಿಯೇ ಮೇಲಕ್ಕೆ ಕಳುಹಿಸುವುದು, ಬಕೆಟ್ಟು ಏರುವಷ್ಟು ಹೊತ್ತು ಗೋಡೆಗೆ ಒತ್ತಿ ಹೂಡಿದ ಗಟ್ಟಿ ಹಲಗೆಯ ಮರೆಯಲ್ಲಿ ನಿಲ್ಲುವುದು.

ಕಾನೂನು ಈ ಪಾಠಗಳನ್ನು ಬರೆದಿಟ್ಟಿದೆ. ಭಾರ ಎತ್ತುವ ಯಂತ್ರ, ಸರಪಣಿ, ಹಗ್ಗಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಪರೀಕ್ಷಿಸಬೇಕು, ಸುರಕ್ಷಿತ ಭಾರದ ಮಿತಿಯನ್ನು ಅವುಗಳ ಮೇಲೆ ಸ್ಪಷ್ಟವಾಗಿ ಬರೆಯಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಕಲಮು ವಿಧಿಸಿತು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿತು. ಆದರೆ ಕಾರ್ಖಾನೆಯ ಕಾನೂನು ಕಾರ್ಖಾನೆಯ ಗೇಟಿನೊಳಗಿನದು. ರೈತನ ಹೊಲದಲ್ಲಿ ದಿನಗೂಲಿಗೆ ಬಂದ ನಾಲ್ವರು ಹೂಡುವ ವಿಂಚಿಗೆ ಅವರ ಎಚ್ಚರವೇ ಕಾನೂನು, ಅವರ ಕಣ್ಣೇ ಇನ್‌ಸ್ಪೆಕ್ಟರು.

ಫೊಂಟಾನಾನ ಕೆಲಸದಲ್ಲಿ ನಿಲ್ಲಿಸುವ ಗಂಟೆಯ ಅಧಿಕಾರ ಅವನೊಬ್ಬನದು. ಉಳಿದವರು ಮೌನವಾಗಿರಬೇಕಿತ್ತು. ಇಂದಿನ ನಿಯಮ ಅದರಲ್ಲಿ ಅರ್ಧವನ್ನು ಉಳಿಸಿಕೊಂಡು ಇನ್ನರ್ಧವನ್ನು ಬದಲಿಸಿದೆ. ‘ಎತ್ತು’ ಎನ್ನುವ ಅಪ್ಪಣೆ ಒಬ್ಬನೇ ಕೊಡಬೇಕು. ‘ನಿಲ್ಲಿಸು’ ಎನ್ನುವ ಮಾತನ್ನು ಮಾತ್ರ ಯಾರು ಹೇಳಿದರೂ ವಿಂಚು ನಿಲ್ಲಬೇಕು, ಹೇಳಿದವನು ಮೇಸ್ತ್ರಿಯಾಗಿರಲಿ, ನಿನ್ನೆ ತಾನೇ ಕೆಲಸಕ್ಕೆ ಸೇರಿದ ಹುಡುಗನಾಗಿರಲಿ. ಬ್ರೆಸ್ಕಾನ ಕಥೆ ನಿಜವಲ್ಲದಿದ್ದರೂ ನಾಲ್ಕು ಶತಮಾನ ಜನರ ಬಾಯಲ್ಲಿ ಉಳಿದದ್ದು ಬಹುಶಃ ಇದಕ್ಕೇ. ಹಗ್ಗ ಹರಿಯುವುದನ್ನು ಮೊದಲು ಕಾಣುವವನು ಅಪ್ಪಣೆ ಕೊಡುವವನಲ್ಲ, ಹಗ್ಗದ ಪಕ್ಕದಲ್ಲಿ ನಿಂತವನು. ಅವನು ಕೂಗಿದಾಗ ಕೇಳಿಸಿಕೊಳ್ಳುವ ಕಿವಿ ಹಿಡಿಕೆ ಹಿಡಿದವನಿಗಿರಬೇಕು.